ಹಗ್ಗದ ಪಕ್ಕ ತೂಗಿದ ಬೀಗದ ಕೈ

ಬಾಡಿಗೆ ಮನೆ ಬಿಟ್ಟವರು ಅಡ್ವಾನ್ಸ್ ಹಣ ವಾಪಸ್ ಬಾರದೆ ಒದ್ದಾಡುವುದು ನಮ್ಮ ಕಡೆ ಹೊಸದೇನಲ್ಲ. ಹುಣಸೂರಿನಲ್ಲಿ ಕೇಳಿ, ಪಿರಿಯಾಪಟ್ಟಣದಲ್ಲಿ ಕೇಳಿ, ಬೀದಿಗೊಬ್ಬರು ಸಿಗುತ್ತಾರೆ. ಮನೆ ಬಿಟ್ಟವರು ಸಮುದ್ರ ದಾಟಿ ಹೋಗಿದ್ದರಂತೂ ಮುಗಿದೇ ಹೋಯಿತು. ಇಲ್ಲಿರುವವರಿಗೆ ಬಾಯಿಬಿಟ್ಟು ಕೇಳಲು ದಾಕ್ಷಿಣ್ಯ, ಅಲ್ಲಿರುವವರಿಗೆ ಕೈಗೆ ಎಟುಕುವುದಿಲ್ಲ. ಗಾವಡಗೆರೆಯ ಸರ್ವಮಂಗಳಳಿಗೆ ಆದದ್ದೂ ಇದೇ. ಆದರೆ ಅವಳ ಪಾಲಿಗೆ ಆ ಹಣದ ಜೊತೆ ಒಂದು ಹಸುವೂ ಸಿಕ್ಕಿಕೊಂಡಿತ್ತು, ಅದೂ ಕನಸಿನೊಳಗೆ.

ಕನಸು ಯಾವಾಗಲೂ ಒಂದೇ. ಮಗಳು ಇದ್ದ ಹುಣಸೂರಿನ ಬಾಡಿಗೆ ಮನೆ. ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ನಡುಮನೆಯಲ್ಲಿ ಹಣತೆ ಉರಿಯುತ್ತಿದೆ, ಹಣತೆಯ ಬೆಳಕಿನಲ್ಲಿ ಅವಳ ಹಸು ಕೆಂದಿ ನಿಂತಿದೆ. ಕಿವಿ ಅಲ್ಲಾಡಿಸುತ್ತದೆ, ಕೂಗುವುದಿಲ್ಲ. ಬಾಗಿಲು ತೆಗೆಯೋಣವೆಂದು ಸರ್ವಮಂಗಳ ಸೆರಗಿನ ಗಂಟು ಬಿಚ್ಚಿದರೆ ಬೀಗದ ಕೈ ಇರಬೇಕಾದ ಜಾಗದಲ್ಲಿ ಹಗ್ಗ. ಎಳೆದಷ್ಟೂ ಹಗ್ಗ ಬರುತ್ತದೆ, ಬೀಗದ ಕೈ ಬರುವುದಿಲ್ಲ. ಅಷ್ಟರಲ್ಲಿ ಎಚ್ಚರ.

ಎಚ್ಚರವಾಗುವುದೂ ಸರಿಯಾಗಿ ಹಾಲು ಕರೆಯುವ ಹೊತ್ತಿಗೆ. ಹೊರಗೆ ಮಂಜು ಕವಿದಿರುತ್ತದೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಸಿಹಿವಾಸನೆ ಆ ಮಂಜಿನಲ್ಲಿ ಕರಗಿ ಊರ ತುಂಬ ಹರಡಿರುತ್ತದೆ. ಅವಳು ಅರೆನಿದ್ದೆಯಲ್ಲೇ ಕೊಟ್ಟಿಗೆಗೆ ಹೋಗಿ ನಿಲ್ಲುತ್ತಾಳೆ. ಕೊಟ್ಟಿಗೆ ಖಾಲಿ. ಡೈರಿಗೆ ಹಾಲು ಹಾಕಲು ಹೋಗುವ ಹೆಂಗಸರು ಕ್ಯಾನು ಹಿಡಿದು ಮಂಜಿನಲ್ಲಿ ಹಾದುಹೋಗುತ್ತಾರೆ. ಯಾರಾದರೂ ಕರೆದು ಮಾತಾಡಿಸಿದರೆ ಅಳು ಬಂದುಬಿಡುತ್ತದೆಂದು ಅವಳು ಬೇಗ ಒಳಗೆ ಬಂದುಬಿಡುತ್ತಾಳೆ.

ಕೆಂದಿಯನ್ನು ಮಾರಿದ್ದು ಎರಡು ವರ್ಷದ ಹಿಂದೆ. ಮಗಳು ಪುಷ್ಪಾ ಹುಣಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್, ಅಳಿಯ ಮಲ್ಲೇಶ್ ಎ.ಸಿ. ಮೆಕ್ಯಾನಿಕ್. ಇಬ್ಬರೂ ಅಲ್ಲೇ ಮನೆ ಹಿಡಿಯಲು ಹೊರಟಾಗ ಅಡ್ವಾನ್ಸಿಗೆ ಹಣ ಸಾಲಲಿಲ್ಲ. ಸರ್ವಮಂಗಳ ಹೆಚ್ಚು ಯೋಚಿಸಲಿಲ್ಲ. ಚುಂಚನಕಟ್ಟೆಯ ಹುಚ್ಚಯ್ಯನನ್ನು ಕರೆಸಿ ಹಸು ಕೊಟ್ಟಳು. ಹಸು ಕೊಟ್ಟಳು, ಹಗ್ಗ ಕೊಡಲಿಲ್ಲ. ಹಸು ಮಾರಿದವರು ಹಗ್ಗ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಹಗ್ಗ ಹೋದರೆ ಕೊಟ್ಟಿಗೆಯ ಭಾಗ್ಯವೂ ಅದರ ಹಿಂದೆಯೇ ಹೋಗುತ್ತದೆ ಎಂದು ನಂಬಿಕೆ. ಕೊಂಡವನು ತನ್ನ ಹಗ್ಗ ತರುತ್ತಾನೆ. ಕೆಂದಿಯ ಹಗ್ಗವನ್ನು ಅವಳು ದೇವರ ಗೂಡಿನ ಪಕ್ಕದ ಮೊಳೆಗೆ ತೂಗುಹಾಕಿದಳು.

ಈ ವರ್ಷ ಪುಷ್ಪಾಗೆ ಒಮಾನ್ ದೇಶದ ಮಸ್ಕತ್‌ನಲ್ಲಿ ಕೆಲಸ ಸಿಕ್ಕಿತು. ಮಲ್ಲೇಶ್‌ಗೂ ಅಲ್ಲೇ. ಮನೆ ಖಾಲಿ ಮಾಡಿದ್ದು ಒಂದು ಶುಕ್ರವಾರ ಸಂಜೆ, ಬೆಳಗಾದರೆ ಬೆಂಗಳೂರಿನಿಂದ ವಿಮಾನ. ಸಾಮಾನೆಲ್ಲ ಗೂಡ್ಸ್ ಆಟೋಗೆ ಹತ್ತಿತು. ಮನೆಯನ್ನು ಬರಿದು ಮಾಡಿ ಬರಬಾರದೆಂದು ಸರ್ವಮಂಗಳ ನಡುಮನೆಯ ಮೂಲೆಯಲ್ಲಿ ಒಂದು ಬಟ್ಟಲು ಅಕ್ಕಿ, ಒಂದು ಹಿಡಿ ಉಪ್ಪು ಇಟ್ಟು ಹಣತೆ ಹಚ್ಚಿದಳು. ಪುಷ್ಪಾ ಬೀಗ ಹಾಕಿ, ಕೆಳಗಿನ ಮನೆಯಲ್ಲೇ ಇದ್ದ ಮಾಲೀಕ ಮಹದೇವಪ್ಪನವರ ಕೈಗೆ ಬೀಗದ ಕೈ ಕೊಡಲು ಹೋದಳು. ಅವರು ಕೈ ಚಾಚಿಯೂ ಆಗಿತ್ತು.

"ತಡಿ ಕಣವ್ವ," ಅಂದಳು ಸರ್ವಮಂಗಳ. "ಶುಕ್ರವಾರ, ಅದೂ ದೀಪ ಹಚ್ಚೋ ಹೊತ್ತು. ಇವತ್ತು ಮನೆ ಬೀಗದ ಕೈ ಕೊಟ್ರೆ ಲಕ್ಷ್ಮೀನ ಕೊಟ್ಟಂಗೆ. ಸೋಮವಾರ ನಾನೇ ತಂದುಕೊಡ್ತೀನಿ ಯಜಮಾನ್ರೇ."

ಮಹದೇವಪ್ಪನವರು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಸೋಮವಾರ ಅವಳು ಹೋದದ್ದೂ ನಿಜ. ಅವರು ಮೈಸೂರಿನ ಮಗಳ ಮನೆಗೆ ಹೋಗಿದ್ದರು. ಅಕ್ಕಪಕ್ಕದವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಆಮೇಲೆ ಮಳೆ ಹಿಡಿಯಿತು, ಹೊಗೆಸೊಪ್ಪಿನ ಸಸಿ ನಾಟಿ ಶುರುವಾಯಿತು, ಕಳೆ ಬಂತು. ಬೀಗದ ಕೈ ಹಗ್ಗದ ಪಕ್ಕ ಅದೇ ಮೊಳೆಯಲ್ಲಿ ತೂಗಿತು. ಗಾಳಿ ಬಂದಾಗ ಅದು ಗೋಡೆಗೆ ತಾಗಿ ಟಿಣ್ ಅನ್ನುತ್ತಿತ್ತು. ದೂರದಲ್ಲೆಲ್ಲೋ ಹಸುವಿನ ಕೊರಳಗಂಟೆ ಎಂದು ಅವಳು ನಿದ್ದೆಯಲ್ಲೇ ಮಗ್ಗುಲು ಬದಲಾಯಿಸುತ್ತಿದ್ದಳು.

ಕಾರ್ತಿಕದಲ್ಲಿ ಹುಚ್ಚಯ್ಯನ ಫೋನು ಬಂತು.

"ಮಂಗಳಕ್ಕ, ಕೆಂದಿ ಹಾಕಿದ ಹೆಣ್ಣುಕರ ಈಗ ಕಡಸಾಗೈತೆ. ಅದ್ರ ಅವ್ವನ್ನೇ ಅಚ್ಚು ಒತ್ತಿದಂಗೈತೆ ಕಣಕ್ಕ. ನಾನು ಮಾರಬೇಕು. ನಿಂಗೆ ಬೇಕು ಅಂದ್ರೆ ಸಂಕ್ರಾಂತಿ ಗಂಟ ಇಟ್ಕೊಂಡಿರ್ತೀನಿ. ಆಮೇಲೆ ದನದ ಜಾತ್ರೆಗೆ ಒಡ್ಕೊಂಡು ಓಯ್ತೀನಿ."

"ಬೇಕು ಕಣಣ್ಣ, ಇಟ್ಕೊಂಡಿರು," ಅಂದಳು. ಅಡ್ವಾನ್ಸ್ ಹಣ ಬಂದರೆ ಅದು ಅವ್ವನಿಗೇ, ಇನ್ನೊಂದು ಹಸು ಕೊಳ್ಳಲಿ ಎಂದು ಪುಷ್ಪಾ ಹೋಗುವ ಮೊದಲೇ ಮಾತು ಕೊಟ್ಟಿದ್ದಳು. ಆದರೆ ಆ ಹಣ ಬಂದರೆ ತಾನೇ. ಪುಷ್ಪಾ ಮಸ್ಕತ್‌ನಿಂದ ಫೋನು ಮಾಡಿದಾಗ ಮಹದೇವಪ್ಪನವರು ಮೊದಮೊದಲು "ನೋಡಾನ ಬುಡವ್ವ" ಅನ್ನುತ್ತಿದ್ದರು. ಆಮೇಲೆ "ಮನೆ ಖಾಲಿ ಆಗ್ಲಿ" ಅಂದರು. ಆಮೇಲೆ ಫೋನೇ ಎತ್ತಲಿಲ್ಲ.

"ಖಾಲಿ ಮಾಡಿ ಆರು ತಿಂಗಳಾಗ್ತಾ ಬಂತಲ್ಲವ್ವ, ಇನ್ನೇನು ಖಾಲಿ ಮಾಡೋದು," ಅಂದಳು ಪುಷ್ಪಾ. ಅವಳ ದನಿ ಸಣ್ಣಗಾಗಿತ್ತು. "ದೂರದಲ್ಲಿದೀವಿ, ಏನು ಮಾಡ್ತಾರೆ ಅಂತ ಆಡಿಸ್ತಾ ಅವ್ರೆ."

ಸರ್ವಮಂಗಳಳ ಗಂಡ ಶಿವನಂಜಪ್ಪ ಈ ಮಾತಿಗೆ ಒಪ್ಪುವವನಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ನಂಬಿಕೆ. ಯಾರನ್ನೂ ಅನುಮಾನಿಸಿದವನಲ್ಲ, ಯಾವ ಕಾಗದವನ್ನೂ ಓದಿದವನಲ್ಲ.

"ಅವ್ರು ಒಳ್ಳೆ ಮನ್ಸ ಕಣೆ. ಮುಖ ನೋಡಿದ್ರೆ ಕೊಡ್ತಾರೆ. ಒಂದು ಗೊನೆ ಬಾಳೆಹಣ್ಣು ತಗೊಂಡೋಗಿ ಮಾತಾಡ್ಸಿ ಬತ್ತೀನಿ ಬುಡು," ಅಂದ. ಹೋದ. ಮಹದೇವಪ್ಪನವರು ಕಾಫಿ ಕೊಟ್ಟರು, ಮಳೆ ಬೆಳೆ ವಿಚಾರಿಸಿದರು, ಬಾಳೆಹಣ್ಣು ತೆಗೆದುಕೊಂಡರು. ಹಣದ ಮಾತು ಎತ್ತಲು ಶಿವನಂಜಪ್ಪನಿಗೆ ನಾಲಿಗೆಯೇ ಹೊರಳಲಿಲ್ಲ. ಬರಿಗೈಯಲ್ಲಿ ವಾಪಸ್ ಬಂದು, "ಕಾಫಿ ಚೆಂದಾಗಿತ್ತು" ಅಂದ. ಸರ್ವಮಂಗಳಳಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ.

ಆ ವಾರದ ಸ್ತ್ರೀಶಕ್ತಿ ಸಂಘದ ಸಭೆ ಅವಳ ಮನೆಯಲ್ಲೇ ಇತ್ತು. ಹುಣಸೂರು ಕೋರ್ಟಿನ ವಕೀಲೆ ಸಂಘಮಿತ್ರ ಬಂದಿದ್ದರು. ತಾಲ್ಲೂಕು ಕಾನೂನು ಸೇವಾ ಸಮಿತಿಯ ಪರವಾಗಿ ಸಂಘಗಳಿಗೆ ಬಂದು ಮಾತಾಡುತ್ತಾರೆ. ಚಿಕ್ಕ ವಯಸ್ಸು, ಜೋರು ನಗು, ಅವರೆಕಾಳಿನ ಉಪ್ಪಿಟ್ಟು ಕಂಡರೆ ಮಾತು ಮರೆಯುವ ಸ್ವಭಾವ. ಎಲ್ಲರೂ ಎದ್ದುಹೋದ ಮೇಲೆ ಸರ್ವಮಂಗಳ ಅವರ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿ ತನ್ನ ಕಷ್ಟ ಹೇಳಿಕೊಂಡಳು. ಹೇಳುತ್ತ ಹೇಳುತ್ತ ಕನಸನ್ನೂ ಹೇಳಿಬಿಟ್ಟಳು. ವಕೀಲರ ಮುಂದೆ ಕನಸು ಹೇಳಿದೆನಲ್ಲ ಎಂದು ನಾಚಿಕೆಯಾಯಿತು.

ಸಂಘಮಿತ್ರ ನಗಲಿಲ್ಲ. "ಕರಾರು ಪತ್ರ ಯಾರ ಹೆಸರಲ್ಲಿದೆ ಅಕ್ಕ?"

"ಪುಷ್ಪನ್ ಹೆಸರಲ್ಲಿ."

"ಮನೆ ಬಿಡ್ತೀವಿ ಅಂತ ಬರೆದು ಕೊಟ್ಟಿದ್ರಾ?"

"ಬಾಯಲ್ಲಿ ಯೋಳಿದ್ಲು," ಅಂದ ಶಿವನಂಜಪ್ಪ ಜಗುಲಿಯಿಂದಲೇ. "ಬಾಯಿಮಾತಿಗಿಂತ ದೊಡ್ಡದು ಯಾವ್ದೈತೆ ಮೇಡಂ? ನಮ್ಮ ಕಾಲ್ದಾಗೆ ಜಮೀನೇ ಬಾಯಲ್ಲಿ ಕೊಟ್ಟವ್ರೆ."

"ಅಂಥ ಜಮೀನಿನ ಕೇಸೇ ನಮ್ಮ ಕೋರ್ಟ್ ತುಂಬ ಇದೆ ಅಪ್ಪಾಜಿ," ಅಂದರು ಸಂಘಮಿತ್ರ. ಆಮೇಲೆ ಸರ್ವಮಂಗಳಳ ಕಡೆ ತಿರುಗಿ ಕೇಳಿದರು. "ಬೀಗದ ಕೈ ವಾಪಸ್ ಕೊಟ್ಟಾಗ ಒಂದು ಸಹಿ ಹಾಕಿಸ್ಕೊಂಡ್ರಾ?"

ಅಷ್ಟರಲ್ಲಿ ಹಿತ್ತಿಲ ಬಾಗಿಲಿಂದ ಗಾಳಿ ಬೀಸಿತು. ದೇವರ ಗೂಡಿನ ಪಕ್ಕ ಟಿಣ್ ಎಂದಿತು. ಮೂವರೂ ಆ ಕಡೆ ನೋಡಿದರು.

ಸಂಘಮಿತ್ರ ತಟ್ಟೆ ಕೆಳಗಿಟ್ಟು ಎದ್ದು ಹೋಗಿ ಮೊಳೆಯ ಹತ್ತಿರ ನಿಂತರು. ಬೀಗದ ಕೈ ಮುಟ್ಟಿದರು, ಹಗ್ಗವನ್ನೂ ಮುಟ್ಟಿದರು.

"ಇದು ಆ ಮನೇದಾ?"

"ಊಂ. ಒಳ್ಗೆ ಅಕ್ಕಿ ಉಪ್ಪು ಇಟ್ಟು ದೀಪ ಹಚ್ಚಿದ್ದೆ. ಶುಕ್ರವಾರ ಕೊಡಬಾರ್ದು ಅಂತ..." ಸರ್ವಮಂಗಳ ಸೆರಗಿನ ಗಂಟು ತಿರುವಿದಳು. "ಆಮೇಲೆ ಅಂಗೇ ಉಳೀತು. ಹಗ್ಗ ಇಟ್ಕತೀವಲ್ಲ ಮೇಡಂ, ಅಂಗೇ ಇದೂ ಒಂದು ಇರ್ಲಿ ಅಂತ ಅನ್ಸಿಬುಡ್ತು."

"ಹಸು ಹಗ್ಗ ಇಲ್ದೆ ಹೋಗುತ್ತೆ ಅಕ್ಕ. ಮನೆ ಬೀಗದ ಕೈ ಇಲ್ದೆ ಹೋಗಲ್ಲ," ಅಂದರು ಸಂಘಮಿತ್ರ ಮೆಲ್ಲಗೆ. "ಬೀಗದ ಕೈ ಇಲ್ಲಿರೋ ಗಂಟ ಮನೆ ನಿಮ್ಮ ಹತ್ರಾನೇ ಇದೆ ಅಂತ ಅವರು ವಾದ ಮಾಡಬಹುದು. ಒಳಗೆ ಅಕ್ಕಿ, ಉಪ್ಪು, ದೀಪ ಬೇರೆ ಇದೆ. ಖಾಲಿ ಆಗಿಲ್ಲ ಅಂತ ಅವರು ಅಂದದ್ದು ಸುಳ್ಳಲ್ಲ. ಬಾಡಿಗೆ ಓಡ್ತಾ ಇದೆ ಅಂತ ಅಡ್ವಾನ್ಸಲ್ಲೇ ಮುರ್ಕೊಳ್ತಾ ಹೋದ್ರೆ ಸಂಕ್ರಾಂತಿ ಹೊತ್ತಿಗೆ ಏನೂ ಉಳಿಯಲ್ಲ."

ಇಷ್ಟು ದಿನ ಸರ್ವಮಂಗಳ ಮನಸ್ಸಿನೊಳಗೆ ಮಹದೇವಪ್ಪನವರಿಗೆ ಹಾಕಿದ ಶಾಪವೆಲ್ಲ ತನ್ನ ಮನೆಯ ಮೊಳೆಗೇ ಬಂದು ಜೋತುಬಿದ್ದಿತ್ತು. ಕೆಂದಿಯನ್ನು ಕನಸಿನಲ್ಲಿ ಒಳಗೆ ಕೂಡಿಹಾಕಿದ್ದವಳು ತಾನೇ ಅನ್ನಿಸಿ ಕಣ್ಣು ತುಂಬಿತು.

"ಅಳೋದಕ್ಕೇನೂ ಆಗಿಲ್ಲ. ಪುಷ್ಪಾಗೆ ಫೋನ್ ಮಾಡಿ," ಅಂದರು ಸಂಘಮಿತ್ರ.

ಆಗಿನ್ನೂ ಪುಷ್ಪಾ ಡ್ಯೂಟಿ ಮುಗಿಸಿ ರೂಮಿಗೆ ಬಂದಿದ್ದಳು. ಸಂಘಮಿತ್ರ ಅವಳಿಗೆ ಬಿಡಿಸಿ ಹೇಳಿದರು. ಕರಾರು ಪತ್ರದ ಫೋಟೊ ಕಳಿಸಬೇಕು. ತನ್ನ ಪರವಾಗಿ ಬೀಗದ ಕೈ ಕೊಡಲು, ಲೆಕ್ಕ ಮುಗಿಸಲು ಅವ್ವನಿಗೆ ಅಧಿಕಾರ ಕೊಟ್ಟಿದ್ದೇನೆ ಎಂದು ಬರೆದು ಸಹಿ ಹಾಕಿ, ಪಾಸ್‌ಪೋರ್ಟಿನ ನಕಲು ಇಟ್ಟು ಕಳಿಸಬೇಕು. ಅದೇ ಮಾತನ್ನು ಮಹದೇವಪ್ಪನವರಿಗೂ ವಾಟ್ಸಾಪಿನಲ್ಲಿ ಹಾಕಿ, ಆ ಮೆಸೇಜು ಅಳಿಸದೆ ಇಟ್ಟುಕೊಳ್ಳಬೇಕು.

"ಅವ್ರು ಒಪ್ಪದೆ ಕೋರ್ಟಿಗೆ ಹೋಗಬೇಕಾದ್ರೆ ನಾನು ಅಲ್ಲಿಂದ ಬರಬೇಕಾ ಮೇಡಂ? ರಜಾ ಕೊಡಲ್ಲ," ಅಂದಳು ಪುಷ್ಪಾ.

"ಬೇಕಿಲ್ಲ. ಆಗ ಅವ್ವನ ಹೆಸರಿಗೆ ಮುಖ್ತ್ಯಾರು ಪತ್ರ, ಅಂದ್ರೆ ಪವರ್ ಆಫ್ ಅಟಾರ್ನಿ ಮಾಡಿ, ಅಲ್ಲಿನ ಭಾರತದ ರಾಯಭಾರ ಕಚೇರಿಯಲ್ಲಿ ಸಹಿ ಹಾಕಿ ಮುದ್ರೆ ಒತ್ತಿಸಿ ಕಳಿಸು. ಅದು ಇಲ್ಲಿಗೆ ಬಂದು ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕು, ಅದನ್ನ ನಾನು ನೋಡ್ಕೋತೀನಿ. ಇಲ್ಲಿ ಬ್ಯಾಂಕ್ ಖಾತೆ ಇದೆಯಲ್ಲ, ಅದನ್ನ ಎನ್‌ಆರ್‌ಒ ಖಾತೆ ಅಂತ ಬದಲಾಯಿಸಿದೀಯಾ? ಹೊರದೇಶಕ್ಕೆ ಕೆಲಸಕ್ಕೆ ಹೋದವರು ಬದಲಾಯಿಸಲೇಬೇಕು. ಹಣ ಅದಕ್ಕೇ ಬರಲಿ, ಕೈಯಿಂದ ಕೈಗೆ ಬೇಡ. ಸೋಮವಾರ ನಾನೂ ಅವ್ವನ ಜೊತೆ ಹೋಗಿ ಬೀಗದ ಕೈ ಕೊಡಿಸ್ತೀನಿ."

ಶಿವನಂಜಪ್ಪ ಕೆಮ್ಮಿದ. "ಇಷ್ಟೆಲ್ಲ ಕಾಗದ ಇಡ್ಕೊಂಡೋದ್ರೆ ಅವ್ರು ಏನಂದ್ಕತಾರೆ? ನಂಬಿಕೆ ಇಲ್ಲ ಅಂದಂಗಾಗಲ್ವಾ?"

"ನಂಬಿಕೆ ಕೆಡಬಾರ್ದು ಅಂತಾನೇ ಕಾಗದ ಅಪ್ಪಾಜಿ. ಈಗ ಕಾಗದ ಇಲ್ದೆ ನೋಡಿ, ಅವರು ನಿಮ್ಮನ್ನ ಕಳ್ಳರು ಅಂದ್ಕೊಂಡಿದಾರೆ, ನೀವು ಅವರನ್ನ."

ಶಿವನಂಜಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, "ಸೋಮವಾರ ನಾನೂ ಬತ್ತೀನಿ" ಅಂದ.

ಸೋಮವಾರ ಹುಣಸೂರಿನಲ್ಲಿ ಬೆಳಗಿನ ಮಂಜು ಇನ್ನೂ ಬಿಟ್ಟಿರಲಿಲ್ಲ. ಮಹದೇವಪ್ಪನವರು ಗೇಟಿನ ಹತ್ತಿರವೇ ನಿಂತಿದ್ದರು. ಸರ್ವಮಂಗಳ ಸೆರಗಿನ ಗಂಟಿಗೆ ಕೈ ಹಾಕಿದಳು. ಹಗ್ಗ ಬಂದರೇನು ಗತಿ ಎಂದು ಒಂದು ಗಳಿಗೆ ಅನ್ನಿಸಿತು. ಬಂದದ್ದು ಬೀಗದ ಕೈ.

"ತಪ್ಪು ನಂದು ಯಜಮಾನ್ರೇ," ಅಂದಳು. "ಅವತ್ತೇ ಕೊಡಬೇಕಿತ್ತು."

ಬಾಗಿಲು ತೆರೆಯಿತು. ಮನೆಯೊಳಗೆ ಕೆಂದಿ ಇರಲಿಲ್ಲ, ಇರಲಿಕ್ಕಿಲ್ಲವೆಂದು ಅವಳಿಗೂ ಗೊತ್ತಿತ್ತು. ಆದರೂ ನಡುಮನೆಗೆ ಹೋಗಿ ನೋಡಿದಳು. ಹಣತೆ ಒಣಗಿ ಕಪ್ಪಾಗಿತ್ತು. ಅಕ್ಕಿಗೆ ನುಸಿ ಹಿಡಿದು, ಇರುವೆಗಳು ಒಂದೊಂದೇ ಕಾಳು ಹೊತ್ತು ಗೋಡೆಯಂಚಿನಲ್ಲಿ ಸಾಲಾಗಿ ಹೋಗುತ್ತಿದ್ದವು. ಕಿಟಕಿಯಿಂದ ಬಿದ್ದ ಬೆಳಕಿನಲ್ಲಿ ಧೂಳು ತೇಲುತ್ತಿತ್ತು. ವಿಡಿಯೊ ಕಾಲಿನಲ್ಲಿ ಪುಷ್ಪಾ ಇದ್ದಳು. ಸಂಘಮಿತ್ರ ಹೇಳಿದಂತೆ ಸರ್ವಮಂಗಳ ಫೋನು ಹಿಡಿದು ಒಂದೊಂದೇ ಕೋಣೆ ತೋರಿಸಿದಳು: ಗೋಡೆ, ನಲ್ಲಿ, ಕಿಟಕಿಯ ಗಾಜು, ಕರೆಂಟಿನ ಮೀಟರು. ಬರಿಮನೆಯಲ್ಲಿ ಮಗಳ ದನಿ ಎಲ್ಲ ಗೋಡೆಗಳಿಂದಲೂ ಬಂದಂತೆ ಕೇಳಿಸುತ್ತಿತ್ತು.

"ಅವ್ವ, ಆ ಮೂಲೇಲಿ ಒಂಚೂರು ನಿಂತ್ಕೊ. ಅಲ್ಲೇ ನಾವು ಮಲಗ್ತಿದ್ದಿದ್ದು," ಅಂದಳು ಪುಷ್ಪಾ. ಸರ್ವಮಂಗಳ ನಿಂತಳು. ಯಾರೂ ಅವಸರ ಮಾಡಲಿಲ್ಲ.

ಮಹದೇವಪ್ಪನವರು ಹಣತೆಯನ್ನೇ ನೋಡುತ್ತಿದ್ದರು. "ದೀಪ ಹಚ್ಚಿಟ್ಟು ಬೀಗ ಹಾಕ್ಕೊಂಡು ಹೋದೋರ ಮನೆ ಬೀಗ ಹೊಡಿಯೋಕೆ ನನಗೆ ಧೈರ್ಯ ಬರ್ಲಿಲ್ಲ ತಾಯಿ. ನಾಳೆ ಒಳಗೆ ಒಡವೆ ಇತ್ತು ಅಂದ್ರೆ ಯಾರು ಜವಾಬ್ದಾರಿ? ಬಾಡಿಗೆಗೆ ಬಂದೋರನ್ನೆಲ್ಲ ವಾಪಸ್ ಕಳಿಸ್ದೆ. ನಂಗೂ ಇದೇ ಬಾಡಿಗೆ ಮಾತ್ರೆ ಔಷಧಿಗೆ ದಾರಿ."

"ಅದನ್ನ ಪುಷ್ಪಾಗೆ ಬಾಯಿಬಿಟ್ಟು ಹೇಳಬೇಕಿತ್ತು ಸಾರ್. ಫೋನ್ ಎತ್ತದೆ ಕೂತ್ರೆ ಅವರಿಗೆ ಹೇಗೆ ಗೊತ್ತಾಗುತ್ತೆ?" ಅಂದರು ಸಂಘಮಿತ್ರ.

ಲೆಕ್ಕಕ್ಕೆ ಕೂತಾಗ ಮೊದಲು ಮಹದೇವಪ್ಪನವರು ಅಷ್ಟೂ ತಿಂಗಳ ಬಾಡಿಗೆ ಮುರಿಯಬೇಕೆಂದರು. ಪುಷ್ಪಾ ಒಪ್ಪಲಿಲ್ಲ. ಮಾತು ಸ್ವಲ್ಪ ಬಿಸಿಯಾಯಿತು. ಕೊನೆಗೆ ಎರಡು ತಿಂಗಳ ಬಾಡಿಗೆ, ಕರಾರಿನಲ್ಲಿ ಬರೆದಿದ್ದ ಬಣ್ಣದ ಖರ್ಚು, ಇಷ್ಟಕ್ಕೆ ಇಬ್ಬರೂ ತಲೆಯಾಡಿಸಿದರು. ಮನೆ ಖಾಲಿಯಾಗಿದೆ, ಬೀಗದ ಕೈ ಮುಟ್ಟಿದೆ, ಉಳಿದ ಹಣ ವಾರದೊಳಗೆ ಪುಷ್ಪಾಳ ಖಾತೆಗೆ ಹಾಕುತ್ತೇನೆ ಎಂದು ಬರೆದು, ತಾರೀಖು ಹಾಕಿ ಮಹದೇವಪ್ಪನವರು ಸಹಿ ಮಾಡಿದರು. ಮಗಳ ಪರವಾಗಿ ಸರ್ವಮಂಗಳ ಮಾಡಿದಳು. ಸಾಕ್ಷಿ ಸಹಿಯನ್ನು ಶಿವನಂಜಪ್ಪನೇ ಕೇಳಿ ಹಾಕಿದ.

ಹಣ ಬಂತು. ಮುರಿದುಕೊಂಡದ್ದು ಸರಿಸುಮಾರು ಕೊಟ್ಟಿಗೆಗೆ ಹೊಸ ಶೀಟು ಹಾಕಿಸುವಷ್ಟು. ಹಾಗಾಗಿ ಕೊಟ್ಟಿಗೆಯ ಸೂರು ಹಳೆಯದೇ ಉಳಿಯಿತು, ಮಳೆ ಬಂದರೆ ಇವತ್ತಿಗೂ ಒಂದು ಮೂಲೆ ಸೋರುತ್ತದೆ. ಆ ಸದ್ದು ಕೇಳಿದಾಗಲೆಲ್ಲ ಸರ್ವಮಂಗಳ, "ಅಗೋ, ನನ್ನ ಶುಕ್ರವಾರ ತೊಟ್ಟಿಕ್ತಾ ಐತೆ" ಅಂತ ತನ್ನನ್ನೇ ಆಡಿಕೊಳ್ಳುತ್ತಾಳೆ.

ಸಂಕ್ರಾಂತಿಗೆ ಇನ್ನೂ ದಿನವಿರುವಾಗಲೇ ಅವಳು ಚುಂಚನಕಟ್ಟೆಗೆ ಹೋದಳು. ಗದ್ದೆ ಬಯಲಿನ ಆಚೆ ಕಾವೇರಿಯ ಸದ್ದು ಕೇಳುತ್ತಿತ್ತು. ಹುಚ್ಚಯ್ಯ ಕಡಸನ್ನು ಅಂಗಳಕ್ಕೆ ತಂದು ನಿಲ್ಲಿಸಿದ. ಅದೇ ಕೆಂಪು, ಅದೇ ಕಿವಿ. ಕೆಂದಿ ಕೊಟ್ಟಿಗೆಯಿಂದ ಕತ್ತು ಚಾಚಿ, ಎರಡು ವರ್ಷದ ಮೇಲೆ ಬಂದವಳ ಕೈ ಮೂಸಿ, ಒರಟು ನಾಲಿಗೆಯಲ್ಲಿ ನೆಕ್ಕಿತು. ಸರ್ವಮಂಗಳ ಅದರ ಕೊರಳು ತಬ್ಬಿ ಅಳುತ್ತ ನಿಂತಳು. ಕನಸಿನಲ್ಲಿ ಮುಟ್ಟಲು ಸಿಗದಿದ್ದ ಮೈ ಈಗ ಬೆಚ್ಚಗೆ ಕೈಗೆ ಸಿಕ್ಕಿತ್ತು.

ಹುಚ್ಚಯ್ಯ ಪದ್ಧತಿಯಂತೆ ಕಡಸಿನ ಕೊರಳಿಂದ ತನ್ನ ಹಗ್ಗ ಬಿಚ್ಚಿಕೊಂಡ. "ಹಗ್ಗ ತಂದಿದೀಯೇನಕ್ಕ?" ಅಂದ.

"ಇದ್ರ ಅವ್ವನದೇ ತಂದಿವ್ನಿ ಕಣಣ್ಣ," ಎಂದು ಅವಳು ಚೀಲದಿಂದ ಹಗ್ಗ ತೆಗೆದಳು.

ಆಮೇಲೆ ಅವಳಿಗೆ ಆ ಕನಸು ಬೀಳಲಿಲ್ಲ. ಶಿವನಂಜಪ್ಪ ಮಾತ್ರ ಪೂರ್ತಿ ಬದಲಾಗಿಬಿಟ್ಟಿದ್ದಾನೆ. ಮೊನ್ನೆ ತೆಂಗಿನಕಾಯಿ ಅಂಗಡಿಯಲ್ಲೂ "ರಸೀದಿ ಎಲ್ಲಿ" ಅಂತ ಕೇಳಿದನಂತೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಿಂದಲೂ ಯಾರಾದರೂ ದೂರದೇಶಕ್ಕೆ ಹೊರಟಿರಬಹುದು. ಬಾಡಿಗೆ ಮನೆ ಬಿಡುವ ಮಾತನ್ನು ಮುಂಚೆಯೇ ಬರೆದು ತಿಳಿಸಲಿ. ಹೊರಡುವ ಮೊದಲು ಮನೆಯನ್ನೆಲ್ಲ ಫೋನಿನಲ್ಲಿ ಚಿತ್ರ ಹಿಡಿಯಲಿ, ಕರೆಂಟು ನೀರಿನ ಬಾಕಿ ಕಟ್ಟಲಿ, ಕರಾರು ಪತ್ರದ ಒಂದು ಪ್ರತಿ ನಿಮ್ಮ ಹತ್ತಿರ ಬಿಟ್ಟುಹೋಗಲಿ. ತಮ್ಮ ಪರವಾಗಿ ಮಾತಾಡಲು ಇಲ್ಲಿ ಒಬ್ಬರಿಗೆ ಬರವಣಿಗೆಯಲ್ಲಿ ಅಧಿಕಾರ ಕೊಟ್ಟುಹೋಗಲಿ. ಆದರೂ ಹಣ ಬಾರದಿದ್ದರೆ ಶಾಪ ಹಾಕುತ್ತ ಕೂರಬೇಡಿ, ಬಾಳೆಹಣ್ಣೂ ಹೊತ್ತುಹೋಗಬೇಡಿ. ನಿಮ್ಮ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನು ಮಾಡಿ. ಹೆಂಗಸರಿಗೆ ಅಲ್ಲಿ ವಕೀಲರ ಸಹಾಯ ಉಚಿತ. ಕೋರ್ಟಿನ ಮೆಟ್ಟಿಲು ಹತ್ತುವ ಮೊದಲೇ ಇಬ್ಬರನ್ನೂ ಕೂರಿಸಿ ಬಗೆಹರಿಸುವ ದಾರಿಯೂ ಇದೆ.

ಮತ್ತೆ ಒಂದು ಮಾತು. ಶುಕ್ರವಾರ ಕೊಡಬಾರದು ಅನ್ನಿಸಿದರೆ ಗುರುವಾರವೇ ಹೋಗಿ ಕೊಟ್ಟು, ಸಹಿ ಹಾಕಿಸಿಕೊಂಡು ಬನ್ನಿ. ಹಸುವಿನ ಹಗ್ಗ ನಿಮ್ಮ ಮೊಳೆಯಲ್ಲೇ ಇರಲಿ. ಮನೆಯ ಬೀಗದ ಕೈ ಅದರ ಪಕ್ಕ ಒಂದು ದಿನವೂ ತೂಗದಿರಲಿ.